ಸೆರ್ಗೆಯ್ ಕೊರ್ಸಕಾಫ್

ಸೆರ್ಗೆಯ್ ಸೆರ್ಗೆಯೆವಿಚ್ ಕೊರ್ಸಕಾಫ್ (ಫೆಬ್ರುವರಿ 3, 1854 – ಮೇ 14, 1900) ರಷ್ಯಾದ ಪ್ರಸಿದ್ಧ ನರರೋಗ ತಜ್ಞರು ಹಾಗೂ ಮನೋವೈದ್ಯರು. ದೀರ್ಘಕಾಲದ ಮದ್ಯವ್ಯಸನಿಗಳಲ್ಲಿ ಕಂಡುಬರುವ ಒಂದು ವಿಶಿಷ್ಟ ಬಗೆಯ ಸ್ಮೃತಿನಾಶವನ್ನು ಮೊದಲ ಬಾರಿಗೆ ಕೂಲಂಕಷವಾಗಿ ವಿವರಿಸಿದವರು ಇವರು. ಆ ರೋಗಕ್ಕೆ ಇಂದಿಗೂ 'ಕೊರ್ಸಕಾಫ್ ಸಿಂಡ್ರೋಮ್' ಎಂಬ ಹೆಸರಿದೆ. ಕುಡುಕನ ಮರೆವು ಅವನ ನಡತೆಯ ದೋಷವಲ್ಲ, ನರಮಂಡಲಕ್ಕೆ ತಗುಲಿದ ರೋಗ ಎಂಬುದನ್ನು ಇವರ ಸಂಶೋಧನೆ ತೋರಿಸಿಕೊಟ್ಟಿತು. ಮಾನಸಿಕ ರೋಗಿಗಳನ್ನು ಕಟ್ಟಿಹಾಕುವ ಪದ್ಧತಿಯನ್ನು ರಷ್ಯಾದ ಆಸ್ಪತ್ರೆಗಳಿಂದ ತೊಲಗಿಸಲು ಶ್ರಮಿಸಿದವರಲ್ಲಿಯೂ ಇವರು ಪ್ರಮುಖರು.

ಜನನ ಮತ್ತು ವಿದ್ಯಾಭ್ಯಾಸ

ಕೊರ್ಸಕಾಫ್ ಅವರು ರಷ್ಯಾದ ವ್ಲಾಡಿಮಿರ್ ಪ್ರಾಂತ್ಯದ ಗುಸ್-ಖ್ರುಸ್ತಾಲ್ನಿ ಎಂಬಲ್ಲಿ ಜನಿಸಿದರು. ಇದು ಗಾಜು ಮತ್ತು ಸ್ಫಟಿಕ ಪಾತ್ರೆಗಳ ತಯಾರಿಕೆಗೆ ಹೆಸರಾದ ಊರು. ಆಗ ರಷ್ಯಾದಲ್ಲಿ ಹಳೆಯ ಜೂಲಿಯನ್ ಪಂಚಾಂಗ ಬಳಕೆಯಲ್ಲಿದ್ದುದರಿಂದ ಅವರ ಜನ್ಮದಿನವನ್ನು ಕೆಲವು ಕಡೆ ಜನವರಿ 22 ಎಂದೂ ನಮೂದಿಸಲಾಗಿದೆ. ಮಾಸ್ಕೋ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗವನ್ನು ಸೇರಿ 1875ರಲ್ಲಿ ಪದವಿ ಪಡೆದರು.

ವೃತ್ತಿಜೀವನದ ಆರಂಭ

ಪದವಿಯ ನಂತರ ಕೊರ್ಸಕಾಫ್ ಮಾಸ್ಕೋದ ಪ್ರಿಯೊಬ್ರಾಜೆನ್ಸ್ಕಿ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. ಅದು ಆ ನಗರದ ಅತ್ಯಂತ ಹಳೆಯ ಮಾನಸಿಕ ಆಸ್ಪತ್ರೆ. 1876ರಿಂದ 1879ರವರೆಗೆ ವಿಶ್ವವಿದ್ಯಾಲಯದ ನರರೋಗ ಚಿಕಿತ್ಸಾಲಯದಲ್ಲಿ ಅಲೆಕ್ಸೇಯ್ ಕೊಜೆವ್ನಿಕಾಫ್ ಅವರ ಬಳಿ ತರಬೇತಿ ಪಡೆದರು. ರಷ್ಯಾದಲ್ಲಿ ನರರೋಗ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರೆಂದು ಕೊಜೆವ್ನಿಕಾಫ್ ಪ್ರಸಿದ್ಧರು.

ಈ ಎರಡು ಬಗೆಯ ಅನುಭವ ಕೊರ್ಸಕಾಫ್ ಅವರ ಮುಂದಿನ ಸಂಶೋಧನೆಗೆ ಬುನಾದಿಯಾಯಿತು. ಕೈಕಾಲುಗಳ ನರಗಳು ಕೆಟ್ಟಾಗ ಏನಾಗುತ್ತದೆ ಎಂಬುದನ್ನು ಅವರು ನರರೋಗ ಚಿಕಿತ್ಸಾಲಯದಲ್ಲಿ ಕಲಿತರು. ಮನಸ್ಸು ಕೆಟ್ಟಾಗ ಏನಾಗುತ್ತದೆ ಎಂಬುದನ್ನು ಮಾನಸಿಕ ಆಸ್ಪತ್ರೆಯಲ್ಲಿ ಕಂಡರು. ಒಬ್ಬನೇ ರೋಗಿಯಲ್ಲಿ ಈ ಎರಡೂ ಒಟ್ಟಿಗೆ ಕಾಣಿಸಿಕೊಂಡಾಗ ಅದನ್ನು ಗುರುತಿಸಲು ಬೇಕಾದ ಸಿದ್ಧತೆ ಅವರಲ್ಲಿತ್ತು.

ಮದ್ಯಪಾನ ಮತ್ತು ನರಮಂಡಲದ ಅಧ್ಯಯನ

ಬಹುಕಾಲ ಮಿತಿಮೀರಿ ಕುಡಿದವರ ಕಾಲುಗಳಲ್ಲಿ ನೋವು, ಜೋಮು ಮತ್ತು ನಿಶ್ಶಕ್ತಿ ಕಾಣಿಸಿಕೊಂಡು, ಕಡೆಗೆ ನಡೆಯಲಾಗದ ಸ್ಥಿತಿ ಬರುವುದು ವೈದ್ಯರಿಗೆ ಮೊದಲೇ ತಿಳಿದಿತ್ತು. ಇದಕ್ಕೆ ಕಾರಣ ಮೆದುಳು ಮತ್ತು ಬೆನ್ನುಹುರಿಯಿಂದ ಹೊರಟು ಅಂಗಾಂಗಗಳಿಗೆ ಹೋಗುವ ನರಗಳು ಹಾಳಾಗುವುದು. ಕೊರ್ಸಕಾಫ್ ತಮ್ಮ ಡಾಕ್ಟರೇಟ್ ಪದವಿಗಾಗಿ ಇದೇ ವಿಷಯವನ್ನು ಆರಿಸಿಕೊಂಡರು. ಮದ್ಯಪಾನದಿಂದ ಬರುವ ಪಾರ್ಶ್ವವಾಯುವಿನಂತಹ ಈ ಸ್ಥಿತಿಯನ್ನು ಕುರಿತ ಅವರ ಪ್ರಬಂಧ 1887ರಲ್ಲಿ ಪ್ರಕಟವಾಯಿತು.

ಇಂತಹ ರೋಗಿಗಳನ್ನು ಪರೀಕ್ಷಿಸುವಾಗ ಕಾಲಿನ ನಿಶ್ಶಕ್ತಿಯೊಂದಿಗೆ ವಿಚಿತ್ರವಾದ ಮರೆವೂ ಇರುವುದನ್ನು ಅವರು ಗಮನಿಸಿದರು. ಇವು ಆಕಸ್ಮಿಕವಾಗಿ ಒಟ್ಟಿಗೆ ಬಂದ ಎರಡು ಬೇರೆ ಬೇರೆ ಕಾಯಿಲೆಗಳಲ್ಲ, ಒಂದೇ ರೋಗದ ಎರಡು ಮುಖಗಳು ಎಂಬುದು ಅವರ ತೀರ್ಮಾನ. 1887ರಿಂದ 1891ರವರೆಗೆ ಬರೆದ ಲೇಖನಗಳಲ್ಲಿ ಅವರು ಈ ವಿಚಾರವನ್ನು ಬೆಳೆಸಿದರು. ಫ್ರೆಂಚ್ ಮತ್ತು ಜರ್ಮನ್ ಭಾಷೆಗಳಲ್ಲಿ ಪ್ರಕಟವಾದ ಲೇಖನಗಳಿಂದ ಅವರ ಹೆಸರು ಯುರೋಪಿನ ವೈದ್ಯರಿಗೆಲ್ಲ ಪರಿಚಯವಾಯಿತು.

ಮರೆವಿನ ಸ್ವರೂಪ

ಕೊರ್ಸಕಾಫ್ ವಿವರಿಸಿದ ರೋಗಿಯನ್ನು ಮೊದಲ ನೋಟಕ್ಕೆ ರೋಗಿಯೆಂದು ಗುರುತಿಸುವುದು ಕಷ್ಟ. ಅವನು ಸರಿಯಾಗಿ ಮಾತನಾಡುತ್ತಾನೆ, ತರ್ಕಬದ್ಧವಾಗಿ ಉತ್ತರಿಸುತ್ತಾನೆ, ಇಸ್ಪೀಟು ಅಥವಾ ಚದುರಂಗ ಆಡಬಲ್ಲ. ರೋಗ ಬರುವ ಮುಂಚೆ ನಡೆದ ಸಂಗತಿಗಳು ಅವನಿಗೆ ಸಾಕಷ್ಟು ನೆನಪಿರುತ್ತವೆ. ಆದರೆ ಈಗತಾನೇ ನಡೆದದ್ದು ಅವನ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಊಟ ಮಾಡಿದ್ದು ತಿಳಿಯದು. ಕೊಠಡಿಯಿಂದ ಹೊರಹೋಗಿ ಕೆಲವೇ ನಿಮಿಷಗಳಲ್ಲಿ ಮರಳಿ ಬಂದ ವೈದ್ಯರನ್ನು ಹೊಸಬರೆಂಬಂತೆ ಸ್ವಾಗತಿಸುತ್ತಾನೆ. ಒಂದೇ ಕಥೆಯನ್ನು ಮತ್ತೆ ಮತ್ತೆ ಹೇಳುತ್ತಾನೆ.

ನೆನಪಿನಲ್ಲಿ ಉಂಟಾದ ಈ ಬರಿದಾದ ಜಾಗವನ್ನು ರೋಗಿ ಅನೇಕ ವೇಳೆ ನಡೆಯದ ಘಟನೆಗಳಿಂದ ತುಂಬುತ್ತಾನೆ. ವಾರಗಟ್ಟಲೆ ಹಾಸಿಗೆ ಬಿಟ್ಟೇಳದವನು ನಿನ್ನೆ ಪೇಟೆಗೆ ಹೋಗಿಬಂದೆನೆಂದು ನಂಬಿಕೆಯಿಂದ ಹೇಳಬಹುದು. ಇದು ಬೇಕೆಂದೇ ಹೇಳುವ ಸುಳ್ಳಲ್ಲ. ಹಳೆಯ ನೆನಪುಗಳ ಚೂರುಗಳು ಕಾಲದ ಗುರುತು ಕಳೆದುಕೊಂಡು ನಿನ್ನೆಯ ನೆನಪಿನಂತೆ ತೋರುತ್ತವೆ. ಕೊರ್ಸಕಾಫ್ ಇವನ್ನು ಹುಸಿ ನೆನಪುಗಳೆಂದು ಕರೆದರು.

ಅಳಿದುಹೋದಂತೆ ಕಾಣುವ ಅನುಭವವೂ ಮನಸ್ಸಿನಲ್ಲಿ ಗುರುತು ಉಳಿಸಿರುತ್ತದೆ ಎಂಬುದನ್ನು ಅವರು ಪತ್ತೆಹಚ್ಚಿದರು. ಒಬ್ಬ ರೋಗಿಗೆ ವಿದ್ಯುತ್ ಯಂತ್ರದಿಂದ ಚಿಕಿತ್ಸೆ ನೀಡಲಾಗಿತ್ತು. ಅದು ಅವನಿಗೆ ಸ್ವಲ್ಪವೂ ನೆನಪಿರಲಿಲ್ಲ. ಆದರೂ ಯಂತ್ರದ ಪೆಟ್ಟಿಗೆಯನ್ನು ಕಂಡೊಡನೆ ತನಗೆ ವಿದ್ಯುತ್ ಹಾಯಿಸಲು ಬಂದಿದ್ದಾರೆಂದು ಅವನು ಊಹಿಸಿದ. ಅರಿವಿಗೆ ಬಾರದೆಯೇ ಕೆಲಸ ಮಾಡುವ ನೆನಪು ಎಂಬ ವಿಷಯ ಮನೋವಿಜ್ಞಾನದಲ್ಲಿ ದೊಡ್ಡ ಅಧ್ಯಯನ ಕ್ಷೇತ್ರವಾದದ್ದು ಇದಾದ ಬಹಳ ವರ್ಷಗಳ ನಂತರ.

ಕಾರಣದ ಹುಡುಕಾಟ

ಈ ರೋಗ ಮದ್ಯವ್ಯಸನಿಗಳಿಗೆ ಮಾತ್ರ ಬರುವುದಿಲ್ಲವೆಂಬುದು ಕೊರ್ಸಕಾಫ್ ಅವರ ಇನ್ನೊಂದು ಮಹತ್ವದ ಅವಲೋಕನ. ಟೈಫಾಯ್ಡ್ ಜ್ವರ, ಹೆರಿಗೆಯ ನಂತರದ ಸೋಂಕು, ದೀರ್ಘಕಾಲದ ವಾಂತಿ ಮುಂತಾದವುಗಳಿಂದ ಬಳಲಿದವರಲ್ಲೂ ಇಂತಹದೇ ಸ್ಥಿತಿ ಕಂಡುಬಂದಿತು. ಆದ್ದರಿಂದ ರಕ್ತದಲ್ಲಿ ಸೇರಿದ ಯಾವುದೋ ವಿಷವಸ್ತು ಕೈಕಾಲುಗಳ ನರಗಳನ್ನೂ ಮೆದುಳನ್ನೂ ಏಕಕಾಲದಲ್ಲಿ ಹಾಳುಮಾಡುತ್ತದೆ ಎಂದು ಅವರು ಭಾವಿಸಿದರು.

ವಿಷದ ಊಹೆ ಸರಿಯಾಗಿರಲಿಲ್ಲವೆಂದು ಮುಂದೆ ತಿಳಿಯಿತು. ಮುಖ್ಯ ಕಾರಣ ವಿಷ ಸೇರುವುದಲ್ಲ, ಅಗತ್ಯ ವಸ್ತುವೊಂದು ಇಲ್ಲದಿರುವುದು. ಆ ವಸ್ತು ಥಯಾಮಿನ್, ಅಂದರೆ ವಿಟಮಿನ್ ಬಿ1. ಸಕ್ಕರೆಯಿಂದ ಶಕ್ತಿ ಪಡೆಯಲು ನರಕೋಶಗಳಿಗೆ ಇದು ಬೇಕೇ ಬೇಕು. ಮದ್ಯವ್ಯಸನಿಯು ಸರಿಯಾಗಿ ಉಣ್ಣುವುದಿಲ್ಲ. ಉಂಡ ಆಹಾರದಲ್ಲಿರುವ ಥಯಾಮಿನ್ ಅನ್ನು ಹೀರಿಕೊಳ್ಳುವುದಕ್ಕೂ ಮದ್ಯ ಅಡ್ಡಿಯಾಗುತ್ತದೆ. ನಿರಂತರ ವಾಂತಿಯಿಂದಲೂ ಇದೇ ಕೊರತೆ ಉಂಟಾಗುತ್ತದೆ. ಬೇರೆ ಬೇರೆ ಕಾಯಿಲೆಗಳ ಹಿಂದೆ ಒಂದೇ ಕಾರಣವಿರಬೇಕೆಂದು ಕೊರ್ಸಕಾಫ್ ಯೋಚಿಸಿದ ದಾರಿ ಸರಿಯಾಗಿಯೇ ಇತ್ತು. ಆದರೆ ಅವರ ಕಾಲದಲ್ಲಿ ವಿಟಮಿನ್ ಎಂಬ ಪರಿಕಲ್ಪನೆಯೇ ಇರಲಿಲ್ಲ. ಥಯಾಮಿನ್‌ನ ರಾಸಾಯನಿಕ ರಚನೆಯನ್ನು ನಿರ್ಧರಿಸಿ ಅದನ್ನು ಕೃತಕವಾಗಿ ತಯಾರಿಸಿದ್ದು 1936ರಲ್ಲಿ.

ಜರ್ಮನಿಯ ಕಾರ್ಲ್ ವೆರ್ನಿಕೆ 1881ರಲ್ಲಿ ಮಾನಸಿಕ ಗೊಂದಲ, ಕಣ್ಣುಗುಡ್ಡೆಗಳ ಚಲನೆಯ ತೊಂದರೆ ಮತ್ತು ತೂರಾಡುವ ನಡಿಗೆಯಿಂದ ಕೂಡಿದ ತೀವ್ರ ರೋಗವೊಂದನ್ನು ವಿವರಿಸಿದ್ದರು. ಅದಕ್ಕೂ ತಾವು ಕಂಡ ಸ್ಮೃತಿನಾಶಕ್ಕೂ ಇರುವ ಸಂಬಂಧವನ್ನು ಕೊರ್ಸಕಾಫ್ ಗುರುತಿಸಲಿಲ್ಲ. ಮೊದಲನೆಯದು ರೋಗದ ತೀವ್ರ ಹಂತ, ಎರಡನೆಯದು ಅದರ ನಂತರ ಉಳಿಯುವ ದೀರ್ಘಕಾಲದ ಹಂತ ಎಂಬುದು ಮುಂದೆ ಸ್ಪಷ್ಟವಾಯಿತು. ಈಗ ಎರಡನ್ನೂ ಸೇರಿಸಿ ವೆರ್ನಿಕೆ-ಕೊರ್ಸಕಾಫ್ ಸಿಂಡ್ರೋಮ್ ಎನ್ನುತ್ತಾರೆ. ಇದರಲ್ಲಿ ಮೆದುಳಿನ ಆಳದಲ್ಲಿರುವ ಥ್ಯಾಲಮಸ್‌ನ ಒಳಭಾಗ ಮತ್ತು ಮ್ಯಾಮಿಲರಿ ಕಾಯಗಳು ಹಾನಿಗೊಳ್ಳುತ್ತವೆ.

ಮಾನಸಿಕ ಆಸ್ಪತ್ರೆಗಳಲ್ಲಿ ಸುಧಾರಣೆ

ಆ ಕಾಲದ ಮಾನಸಿಕ ಆಸ್ಪತ್ರೆಗಳಲ್ಲಿ ಉದ್ರೇಕಗೊಂಡ ರೋಗಿಗಳಿಗೆ ಕೈಕಟ್ಟುವ ಅಂಗಿ ತೊಡಿಸುವುದು, ಹಾಸಿಗೆಗೆ ಬಿಗಿಯುವುದು, ಒಂಟಿ ಕೋಣೆಯಲ್ಲಿ ಕೂಡಿಹಾಕುವುದು ಸಾಮಾನ್ಯವಾಗಿತ್ತು. ಕೊರ್ಸಕಾಫ್ ಇದನ್ನು ಬಲವಾಗಿ ವಿರೋಧಿಸಿದರು. ಮಾಸ್ಕೋದ ಒಂದು ಖಾಸಗಿ ಮಾನಸಿಕ ಆಸ್ಪತ್ರೆಯ ಹೊಣೆ ಹೊತ್ತಾಗ ಅಲ್ಲಿ ಬಂಧನವಿಲ್ಲದ ಚಿಕಿತ್ಸೆಯನ್ನು ಜಾರಿಗೆ ತಂದರು. ಬಳಿಕ ವಿಶ್ವವಿದ್ಯಾಲಯದ ಮನೋವೈದ್ಯ ಚಿಕಿತ್ಸಾಲಯದಲ್ಲಿಯೂ ಅದನ್ನೇ ಅನುಸರಿಸಿದರು. ಹಾಸಿಗೆಯಲ್ಲಿ ವಿಶ್ರಾಂತಿ, ಸಿಬ್ಬಂದಿಯ ಎಚ್ಚರದ ಆರೈಕೆ, ರೋಗಿಗೆ ತಕ್ಕ ಕೆಲಸ ಮತ್ತು ಮನೆಯಂತಹ ವಾತಾವರಣ ಈ ಪದ್ಧತಿಯ ಮುಖ್ಯ ಅಂಶಗಳು.

ಅಧ್ಯಾಪಕರಾಗಿ

ವರ್ವಾರಾ ಮೊರೊಜೊವಾ ಎಂಬ ದಾನಿಯ ನೆರವಿನಿಂದ ಕಟ್ಟಿದ ವಿಶ್ವವಿದ್ಯಾಲಯದ ಮನೋವೈದ್ಯ ಚಿಕಿತ್ಸಾಲಯ 1887ರಲ್ಲಿ ಮಾಸ್ಕೋದಲ್ಲಿ ಆರಂಭವಾಯಿತು. ಕೊರ್ಸಕಾಫ್ 1892ರಲ್ಲಿ ಪ್ರಾಧ್ಯಾಪಕರಾಗಿ ಅದರ ನೇತೃತ್ವ ವಹಿಸಿದರು. ಅವರ ಮನೋವೈದ್ಯಶಾಸ್ತ್ರದ ಪಠ್ಯಪುಸ್ತಕ 1893ರಲ್ಲಿ ಪ್ರಕಟವಾಗಿ ರಷ್ಯಾದ ವೈದ್ಯ ವಿದ್ಯಾರ್ಥಿಗಳ ಆಧಾರ ಗ್ರಂಥವಾಯಿತು. ವ್ಲಾಡಿಮಿರ್ ಸೆರ್ಬ್ಸ್ಕಿ ಮತ್ತು ಪ್ಯೋತ್ರ್ ಗನ್ನುಶ್ಕಿನ್ ಅವರ ಪ್ರಸಿದ್ಧ ಶಿಷ್ಯರು.

ನಿಧನ ಮತ್ತು ಸ್ಮರಣೆ

1897ರಲ್ಲಿ ಮಾಸ್ಕೋದಲ್ಲಿ ನಡೆದ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲಿ ಜರ್ಮನಿಯ ಮನೋವೈದ್ಯ ಫ್ರೀಡ್ರಿಕ್ ಯೊಲಿ ಈ ರೋಗಕ್ಕೆ ಕೊರ್ಸಕಾಫ್ ಅವರ ಹೆಸರನ್ನು ಸೂಚಿಸಿದರು. ಈ ಗೌರವ ಅವರ ಜೀವಿತಕಾಲದಲ್ಲಿಯೇ ಸಂದಿತು. ಅದಾದ ಮೂರೇ ವರ್ಷಗಳಲ್ಲಿ, 46ನೆಯ ವಯಸ್ಸಿನಲ್ಲಿ, ಅವರು ಹೃದಯದ ಕಾಯಿಲೆಯಿಂದ ನಿಧನರಾದರು. ಅವರ ನೆನಪಿಗಾಗಿ 1901ರಲ್ಲಿ ಪ್ರಾರಂಭವಾದ ನರರೋಗ ಮತ್ತು ಮನೋವೈದ್ಯ ಪತ್ರಿಕೆ ಇಂದಿಗೂ ಅವರ ಹೆಸರಿನಲ್ಲಿ ಪ್ರಕಟವಾಗುತ್ತಿದೆ. ಲೇಖಕ ಹಾಗೂ ನರವೈದ್ಯ ಆಲಿವರ್ ಸ್ಯಾಕ್ಸ್ 1985ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಇಂತಹ ಸ್ಮೃತಿನಾಶಕ್ಕೆ ಒಳಗಾದ ನಾವಿಕನೊಬ್ಬನ ಕಥೆಯನ್ನು ಹೇಳಿ ಈ ರೋಗವನ್ನು ಸಾಮಾನ್ಯ ಓದುಗರಿಗೆ ಪರಿಚಯಿಸಿದರು.

ಇಂದು ಮದ್ಯವ್ಯಸನದ ಚಿಕಿತ್ಸೆಗೆ ಬರುವವರಿಗೆ ಥಯಾಮಿನ್ ನೀಡುವುದು ವಾಡಿಕೆ. ಕೊರತೆಯ ಶಂಕೆ ಇದ್ದಲ್ಲಿ ಗ್ಲೂಕೋಸ್ ಕೊಡುವ ಮುಂಚೆ ಅಥವಾ ಅದರ ಜೊತೆಗೇ ಥಯಾಮಿನ್ ಕೊಡಬೇಕೆಂಬ ಎಚ್ಚರಿಕೆಯನ್ನು ವೈದ್ಯ ವಿದ್ಯಾರ್ಥಿಗಳಿಗೆ ಕಲಿಸಲಾಗುತ್ತದೆ. ತೀವ್ರ ಹಂತದಲ್ಲಿಯೇ ಚುಚ್ಚುಮದ್ದು ದೊರೆತರೆ ಮೆದುಳನ್ನು ಬಹುಮಟ್ಟಿಗೆ ಉಳಿಸಬಹುದು. ತಡವಾದರೆ ಅನೇಕರಲ್ಲಿ ನೆನಪು ಪೂರ್ಣವಾಗಿ ಮರಳುವುದಿಲ್ಲ. ಕುಡಿತ ಬಿಟ್ಟವನ ಗೊಂದಲವನ್ನು ಅಮಲೆಂದು ಅಥವಾ ನಟನೆಯೆಂದು ತಳ್ಳಿಹಾಕದೆ ರೋಗಲಕ್ಷಣವೆಂದು ಪರೀಕ್ಷಿಸುವ ಕ್ರಮಕ್ಕೆ ಕೊರ್ಸಕಾಫ್ ಅವರ ಅಧ್ಯಯನ ಭದ್ರವಾದ ತಳಹದಿ ಹಾಕಿತು.