ಬರ್ಲಿನ್ನಿನ ದಾರಿ ಹಿಡಿದ ಲೋಹಿಯಾ

ಪದವಿ ಮುಗಿಯುವ ವರ್ಷ ಬಂತೆಂದರೆ ಮುಂದೇನು ಎಂಬ ಚಿಂತೆ ವಿದ್ಯಾರ್ಥಿಗಳ ಬೆನ್ನು ಹತ್ತುತ್ತದೆ. ಈಚೆಗೆ ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ. ಹೆಚ್ಚಿನ ಓದಿಗೆಂದು ಹೊರದೇಶಕ್ಕೆ ಹೋಗುವುದಾದರೆ ಯಾವ ದೇಶಕ್ಕೆ ಹೋಗಬೇಕು? ಎಲ್ಲಿ ಶುಲ್ಕ ಕಡಿಮೆ, ಎಲ್ಲಿ ಕೆಲಸ ಬೇಗ ಸಿಕ್ಕೀತು, ಎಲ್ಲಿ ಇಂಗ್ಲಿಷಿನಲ್ಲಿಯೇ ಪಾಠ ನಡೆದೀತು ಎಂದು ಗೆಳೆಯರು ಲೆಕ್ಕ ಹಾಕುತ್ತಾರೆ. ಲೆಕ್ಕ ಹಾಕುವುದು ತಪ್ಪಲ್ಲ. ಆದರೆ ಸುಮಾರು ನೂರು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಬೇರೆಯೇ ಅಳತೆಗೋಲಿನಿಂದ ಅಳೆದ ತರುಣರೊಬ್ಬರಿದ್ದರು. ಅವರೇ ಡಾ. ರಾಮಮನೋಹರ ಲೋಹಿಯಾ.

ಲೋಹಿಯಾರವರು ಹುಟ್ಟಿದ್ದು 1910ನೆಯ ಇಸವಿ ಮಾರ್ಚ್ 23ರಂದು, ಇಂದಿನ ಉತ್ತರ ಪ್ರದೇಶದ ಅಕ್ಬರ್‌ಪುರದಲ್ಲಿ. ವ್ಯಾಪಾರದ ಮನೆತನ. ತೀರ ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡರು. ತಂದೆ ಹೀರಾಲಾಲರು ಗಾಂಧೀಜಿಯವರ ಅನುಯಾಯಿಗಳು. ಮಗನನ್ನೂ ಬಾಲ್ಯದಲ್ಲೇ ಮಹಾತ್ಮರ ಬಳಿಗೆ ಕರೆದೊಯ್ದಿದ್ದರು. ಮುಂಬಯಿ, ಕಾಶಿ, ಕಲ್ಕತ್ತಾ ಹೀಗೆ ಊರಿಂದೂರಿಗೆ ಹೋಗಿ ಓದಿದ ಲೋಹಿಯಾ, 1929ರಲ್ಲಿ ಕಲ್ಕತ್ತೆಯ ವಿದ್ಯಾಸಾಗರ ಕಾಲೇಜಿನಿಂದ ಬಿ.ಎ. ಮುಗಿಸಿದರು. ಆಗ ಅವರ ವಯಸ್ಸು 19.

ಆ ಕಾಲದಲ್ಲಿ ಪರದೇಶದ ಓದು ಎಂದರೆ ವಿಲಾಯಿತಿಯ ಓದು ಎಂದೇ ಅರ್ಥ. ಗಾಂಧೀಜಿ ಕಾನೂನು ಓದಿದ್ದು ಲಂಡನ್ನಿನಲ್ಲಿ. ನೆಹರೂ, ಸುಭಾಷಚಂದ್ರ ಬೋಸರು ಓದಿದ್ದು ಕೇಂಬ್ರಿಜ್‌ನಲ್ಲಿ. ಅಲ್ಲಿಂದ ಬ್ಯಾರಿಸ್ಟರ್ ಆಗಿಯೋ ಐ.ಸಿ.ಎಸ್. ಆಗಿಯೋ ಬಂದವನಿಗೆ ಮಾನ, ಹಣ, ಅಧಿಕಾರ ಎಲ್ಲವೂ ಕಾದಿರುತ್ತಿದ್ದವು. ಬೇರೆ ದಾರಿ ಹಿಡಿದವರು ಇಲ್ಲವೆಂದಲ್ಲ. ಜಯಪ್ರಕಾಶ ನಾರಾಯಣರು ಅಮೆರಿಕದಲ್ಲಿ ಓದಿ ಅದೇ 1929ರಲ್ಲಿ ಮರಳಿದ್ದರು. ಜಾಕಿರ್ ಹುಸೇನರು ಅದಕ್ಕೂ ಮುಂಚೆ ಬರ್ಲಿನ್ನಿನಲ್ಲಿ ಡಾಕ್ಟರೇಟ್ ಪಡೆದಿದ್ದರು. ಆದರೂ ಹೆದ್ದಾರಿ ಇಂಗ್ಲೆಂಡಿನದೇ ಆಗಿತ್ತು.

ಲೋಹಿಯಾ ಮೊದಲು ಇಂಗ್ಲೆಂಡಿಗೇ ಹೋದರು. ಆದರೆ ಅಲ್ಲಿ ಬಹುಕಾಲ ನಿಲ್ಲಲಿಲ್ಲ. ತನ್ನ ನಾಡನ್ನು ಆಳುತ್ತಿರುವವರ ಮನೆಯಲ್ಲಿ ಶಿಷ್ಯನಾಗಿ ಕುಳಿತುಕೊಳ್ಳಲು ಅವರ ಮನಸ್ಸು ಒಪ್ಪಲಿಲ್ಲ. ಜರ್ಮನಿಗೆ ತೆರಳಿ ಬರ್ಲಿನ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಇದು ಬರಿಯ ಹಟವೆಂದು ಯಾರಾದರೂ ಹೇಳಬಹುದು. ಆದರೆ ಹಟಕ್ಕೂ ಒಂದು ಬೆಲೆಯಿರುತ್ತದೆ. ಆ ಬೆಲೆಯನ್ನು ಅವರು ತೆತ್ತರು. ಬರ್ಲಿನ್ನಿನಲ್ಲಿ ಐ.ಸಿ.ಎಸ್. ಇಲ್ಲ, ಬ್ಯಾರಿಸ್ಟರ್ ಗೌನು ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅಲ್ಲಿನ ಭಾಷೆ ಅವರಿಗೆ ಬಾರದು.

ಈ ಬಗ್ಗೆ ಅವರ ಜೀವನಚರಿತ್ರೆಗಳಲ್ಲಿ ಒಂದು ಪ್ರಸಂಗ ತಪ್ಪದೆ ಬರುತ್ತದೆ. ಆ ಕಾಲದ ಹೆಸರಾಂತ ಅರ್ಥಶಾಸ್ತ್ರಜ್ಞರಾದ ವೆರ್ನರ್ ಸೊಂಬಾರ್ಟರನ್ನು ಲೋಹಿಯಾ ಭೇಟಿ ಮಾಡಿ ಇಂಗ್ಲಿಷಿನಲ್ಲಿ ಮಾತಾಡತೊಡಗಿದರಂತೆ. ತಮಗೆ ಇಂಗ್ಲಿಷ್ ಬಾರದೆಂದು ಪ್ರೊಫೆಸರರು ತಿಳಿಸಿದರು. ಮೂರು ತಿಂಗಳು ಬಿಟ್ಟು ಬರುವೆನೆಂದು ಹೇಳಿ ಈ ತರುಣರು ಹಿಂದಿರುಗಿದರು. ಹಗಲಿರುಳು ಕುಳಿತು ಜರ್ಮನ್ ಕಲಿತರು. ಮಾತು ಕೊಟ್ಟಂತೆ ಮತ್ತೆ ಹೋಗಿ ಜರ್ಮನ್ನಿನಲ್ಲಿಯೇ ಮಾತಾಡಿದರು.

ಈ ಪ್ರಸಂಗವನ್ನು ಓದಿದಾಗ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಇಂಗ್ಲಿಷ್ ಬಾರದಿದ್ದರೆ ಬುದ್ಧಿಯೇ ಇಲ್ಲವೆಂಬ ಅಳುಕು ನನ್ನಂಥವರಲ್ಲಿ ಬೇರೂರಿದೆ. ಜಗತ್ತೇ ಮನ್ನಿಸುತ್ತಿದ್ದ ಒಬ್ಬ ವಿದ್ವಾಂಸರು ತಮಗೆ ಇಂಗ್ಲಿಷ್ ಬಾರದೆಂದು ಸಂಕೋಚವಿಲ್ಲದೆ ಹೇಳಿದರೆಂಬುದೇ ನನಗೆ ಹೊಸ ಸಂಗತಿಯಾಗಿತ್ತು. ಭಾಷೆ ಎಂಬುದು ಕಲಿಯಬಹುದಾದ ಒಂದು ಉಪಕರಣ. ಅದು ಮನುಷ್ಯನ ಯೋಗ್ಯತೆಯ ತಕ್ಕಡಿಯಲ್ಲ.

ಬರ್ಲಿನ್ನಿನಲ್ಲಿ ಲೋಹಿಯಾ ಆರಿಸಿಕೊಂಡ ವಿಷಯ ಇನ್ನೂ ಸ್ವಾರಸ್ಯವಾದುದು. 1930ರ ಏಪ್ರಿಲ್ 6ರಂದು ಗಾಂಧೀಜಿ ದಂಡಿಯ ಕಡಲ ದಂಡೆಯಲ್ಲಿ ಹಿಡಿ ಉಪ್ಪನ್ನೆತ್ತಿ ಕಾನೂನನ್ನು ಮುರಿದರು. ಸಾವಿರಾರು ಮೈಲಿ ದೂರದಲ್ಲಿದ್ದ ಈ ವಿದ್ಯಾರ್ಥಿ ಉಪ್ಪಿನ ತೆರಿಗೆ ಮತ್ತು ಸತ್ಯಾಗ್ರಹವನ್ನೇ ತಮ್ಮ ಸಂಶೋಧನೆಯ ವಸ್ತುವಾಗಿಸಿಕೊಂಡರು. ಕಡು ಬಡವನ ಗಂಜಿಗೂ ಬೇಕಾದ ಉಪ್ಪಿನ ಮೇಲೆ ಸರಕಾರ ತೆರಿಗೆ ಹೇರಿದರೆ, ಅದರ ಭಾರ ಬಡವನಿಗೇ ಹೆಚ್ಚು. ಅದೇ ವರ್ಷ ಜಿನೀವಾದ ರಾಷ್ಟ್ರಸಂಘದ ಸಭೆಯಲ್ಲಿ ಬಿಕಾನೇರಿನ ಮಹಾರಾಜರು ಭಾರತದ ಪರವಾಗಿ ಮಾತಾಡುತ್ತಿದ್ದಾಗ, ಪ್ರೇಕ್ಷಕರ ಗ್ಯಾಲರಿಯಿಂದ ಲೋಹಿಯಾ ಸಿಳ್ಳೆ ಹಾಕಿ ಪ್ರತಿಭಟಿಸಿದರು. ಕಾವಲಿನವರು ಅವರನ್ನು ಹೊರಗೆ ಕಳುಹಿಸಿದರು. ದೇಹ ಯುರೋಪಿನಲ್ಲಿದ್ದರೂ ಮನಸ್ಸು ದೇಶವನ್ನು ಬಿಟ್ಟು ಕದಲಿರಲಿಲ್ಲ.

1933ರ ಜನವರಿ 30ರಂದು ಹಿಟ್ಲರನು ಜರ್ಮನಿಯ ಅಧಿಕಾರ ಹಿಡಿದನು. ಓದು ಮುಗಿಸಿ ಡಾಕ್ಟರ್ ಪದವಿ ಪಡೆದಿದ್ದ ಲೋಹಿಯಾ ಆ ವರ್ಷ ಸ್ವದೇಶಕ್ಕೆ ಮರಳಿದರು. ಹಡಗಿನಿಂದ ಮದರಾಸಿನಲ್ಲಿ ಇಳಿದಾಗ ಕಲ್ಕತ್ತೆಗೆ ಹೋಗಲು ರೈಲಿನ ಹಣವೂ ಇರಲಿಲ್ಲವೆಂದೂ, ಹಿಂದೂ ಪತ್ರಿಕೆಗೆ ಲೇಖನ ಬರೆದುಕೊಟ್ಟು ಅದರ ಸಂಭಾವನೆಯಿಂದ ಪ್ರಯಾಣ ಬೆಳೆಸಿದರೆಂದೂ ಹೇಳುತ್ತಾರೆ. ದೊಡ್ಡ ಹುದ್ದೆಗೆ ಅವರು ಕೈ ಚಾಚಲಿಲ್ಲ. 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಸ್ಥಾಪನೆಯಲ್ಲಿ ಪಾಲುಗೊಂಡರು. 1942ರ ಚಳವಳಿಯಲ್ಲಿ ಭೂಗತರಾಗಿ ದುಡಿದು, 1944ರಲ್ಲಿ ಸೆರೆಸಿಕ್ಕಿ, ಲಾಹೋರಿನ ಕೋಟೆಯಲ್ಲಿ ಚಿತ್ರಹಿಂಸೆ ಅನುಭವಿಸಿದರು.

ನಮ್ಮ ನಾಡಿಗೂ ಅವರಿಗೂ ಇರುವ ನಂಟನ್ನು ಇಲ್ಲಿ ನೆನೆಯಬೇಕು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರವೇ ಆ ಜಗಳದ ಮೂಲ. ಶಾಂತವೇರಿ ಗೋಪಾಲಗೌಡರು ಮುಂದೆ ನಿಂತಿದ್ದ ಆ ಸತ್ಯಾಗ್ರಹಕ್ಕೆ ಲೋಹಿಯಾ ಸ್ವತಃ ಬಂದು ಬಂಧನಕ್ಕೊಳಗಾದರು. ಬರ್ಲಿನ್ನಿನಲ್ಲಿ ಉಪ್ಪಿನ ಲೆಕ್ಕ ಬರೆದವರು ಮಲೆನಾಡಿನಲ್ಲಿ ಭತ್ತದ ಕೊಳಗದ ಲೆಕ್ಕ ಕೇಳಿದರು. ಎರಡು ಲೆಕ್ಕಗಳೂ ಬೇರೆಯಲ್ಲವೆಂದು ನನ್ನ ನಂಬಿಕೆ.

ಮುಂದೆ ಅವರು ಆಡಳಿತದಿಂದ ಇಂಗ್ಲಿಷನ್ನು ತೊಲಗಿಸಬೇಕೆಂದು ಚಳವಳಿ ಹೂಡಿದಾಗ ಹಲವರು ಹುಬ್ಬು ಗಂಟಿಕ್ಕಿದರು. ಅವರ ಹಲವು ಪುಸ್ತಕಗಳು ಇಂಗ್ಲಿಷಿನಲ್ಲಿಯೇ ಇವೆಯೆಂಬುದೂ ನಿಜ. ಅವರ ಸಿಟ್ಟು ಭಾಷೆಯ ಮೇಲಲ್ಲ. ಜನರಿಗೆ ತಿಳಿಯದ ಭಾಷೆಯಲ್ಲಿ ಜನರನ್ನು ಆಳುವ ಪದ್ಧತಿಯ ಮೇಲೆ. 1967ರ ಅಕ್ಟೋಬರ್ 12ರಂದು, 57ನೆಯ ವಯಸ್ಸಿನಲ್ಲಿ ಅವರು ದೆಹಲಿಯಲ್ಲಿ ನಿಧನರಾದರು.

ಜರ್ಮನಿಯ ಬಹುಪಾಲು ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವಿಲ್ಲವೆಂದು ಇಂದು ನಮ್ಮವರು ಆ ದೇಶದ ಕಡೆ ನೋಡುತ್ತಿದ್ದಾರೆ. ಹೋಗಬಲ್ಲವರು ಹೋಗಲಿ, ಚೆನ್ನಾಗಿ ಓದಲಿ. ನಮ್ಮಲ್ಲಿ ಅನೇಕರಿಗೆ ಆ ಅವಕಾಶ ಒದಗದೆಯೂ ಇರಬಹುದು. ಆದರೆ ಮುಂದಿನ ಓದು ಜಿಲ್ಲಾ ಕೇಂದ್ರದಲ್ಲೇ ಇರಲಿ, ಬರ್ಲಿನ್ನಿನಲ್ಲೇ ಇರಲಿ, ಯಾವ ಉಪ್ಪಿನ ಲೆಕ್ಕವನ್ನು ಬಿಡಿಸಲು ಹೊರಟಿದ್ದೇವೆ ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು. ಅದು ಗೊತ್ತಾದವನಿಗೆ ದೇಶವನ್ನು ಆರಿಸುವುದು ಅಷ್ಟು ಕಷ್ಟವಾಗಲಾರದು.