ಹಿಟ್ಟಿನ ಹುಳುವಿನಲ್ಲಿ ಉತ್ತರ ಕಂಡ ಶಿಕ್ಷಕಿ

ಸಂಬಳದಲ್ಲಿ ಅಷ್ಟಿಷ್ಟು ಉಳಿಸಿ, ಇದ್ದ ಊರು ಬಿಟ್ಟು, ಗುರುತಿಲ್ಲದ ಜಾಗದಲ್ಲಿ ಹೊಸದಾಗಿ ಶುರು ಮಾಡುವುದು ಎಂದರೆ ಏನೆಂದು ಪರದೇಶದಲ್ಲಿ ದುಡಿಯುವ ನಮ್ಮ ಕುಟುಂಬಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸುಮಾರು 130 ವರ್ಷಗಳ ಹಿಂದೆ ಅಮೆರಿಕದ ಶಾಲಾ ಶಿಕ್ಷಕಿಯೊಬ್ಬರು ಅದನ್ನೇ ಮಾಡಿದರು. ಅವರ ಹೆಸರು ನೆಟ್ಟಿ ಮರಿಯಾ ಸ್ಟೀವನ್ಸ್. ಹುಟ್ಟುವ ಮಗು ಗಂಡೋ ಹೆಣ್ಣೋ ಎಂಬುದು ಎಲ್ಲಿ ತೀರ್ಮಾನವಾಗುತ್ತದೆ ಎಂದು ಸೂಕ್ಷ್ಮದರ್ಶಕದಲ್ಲಿ ಕಂಡು ತೋರಿಸಿಕೊಟ್ಟವರು ಅವರು.

ನೆಟ್ಟಿ ಹುಟ್ಟಿದ್ದು 1861ರ ಜುಲೈ 7ರಂದು, ವರ್ಮಾಂಟ್ ರಾಜ್ಯದ ಕ್ಯಾವೆಂಡಿಷ್‌ನಲ್ಲಿ. ತಂದೆ ಬಡಗಿ. ತಾಯಿ ಎಳವೆಯಲ್ಲೇ ತೀರಿಕೊಂಡರು. ಶಿಕ್ಷಕರ ತರಬೇತಿ ಶಾಲೆಯಲ್ಲಿ ನಾಲ್ಕು ವರ್ಷಗಳ ಓದನ್ನು ಎರಡೇ ವರ್ಷದಲ್ಲಿ ಮುಗಿಸಿದರು. ಆಮೇಲೆ ಹತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳುವುದು, ಗ್ರಂಥಾಲಯದ ಕೆಲಸ. ಕೈಯಲ್ಲಿ ಒಂದಿಷ್ಟು ಹಣ ಸೇರಿದ ಮೇಲೆ, 1896ರಲ್ಲಿ, ದೇಶದ ಇನ್ನೊಂದು ತುದಿಯ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿದರು. ಆಗ ಅವರಿಗೆ 35 ವರ್ಷ.

ಅಲ್ಲಿಂದ ಪೆನ್ಸಿಲ್ವೇನಿಯಾದ ಬ್ರಿನ್ ಮಾರ್ ಮಹಿಳಾ ಕಾಲೇಜು. ನಡುವೆ ಇಟಲಿಯ ನೇಪಲ್ಸ್, ಜರ್ಮನಿಯ ವೂರ್ಟ್ಸ್‌ಬರ್ಗ್‌ಗಳಲ್ಲಿ ಸಂಶೋಧನೆ. 1903ರಲ್ಲಿ ಪಿಎಚ್.ಡಿ. ಪಡೆದಾಗ ವಯಸ್ಸು 40 ದಾಟಿತ್ತು. ಕೆಲಸ ಮುಂದುವರಿಸಲು ದುಡ್ಡಿರಲಿಲ್ಲ. ಕಾರ್ನೆಗಿ ಸಂಸ್ಥೆಗೆ ಅರ್ಜಿ ಹಾಕಿದರು, ನೆರವು ಸಿಕ್ಕಿತು.

ತಾಯಿ ತಿನ್ನುವ ಆಹಾರ, ಹವೆ, ಉಷ್ಣತೆ ಇಂಥವು ಮಗು ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುತ್ತವೆ ಎಂದು ಅಂದಿನ ಬಹಳ ಮಂದಿ ವಿದ್ವಾಂಸರು ನಂಬಿದ್ದರು. ನೆಟ್ಟಿ ಉತ್ತರ ಹುಡುಕಿದ್ದು ಹಿಟ್ಟಿನ ಹುಳುವಿನಲ್ಲಿ. ಹೆಣ್ಣು ಹುಳುವಿನ ಜೀವಕೋಶದಲ್ಲಿ 20 ದೊಡ್ಡ ವರ್ಣತಂತುಗಳಿದ್ದವು. ಗಂಡಿನಲ್ಲಿ 19 ದೊಡ್ಡವು, ಒಂದು ಮಾತ್ರ ತೀರಾ ಚಿಕ್ಕದು. ಗಂಡಿನ ವೀರ್ಯಾಣುಗಳಲ್ಲಿ ಅರ್ಧದಷ್ಟಕ್ಕೆ ಆ ಚಿಕ್ಕದು ಸಿಗುತ್ತಿತ್ತು, ಉಳಿದರ್ಧಕ್ಕೆ ದೊಡ್ಡದು. ಚಿಕ್ಕದು ಬಂದರೆ ಗಂಡು, ದೊಡ್ಡದು ಬಂದರೆ ಹೆಣ್ಣು. 1905ರಲ್ಲಿ ಅವರು ಇದನ್ನು ಪ್ರಕಟಿಸಿದರು. ಕೊಲಂಬಿಯಾ ವಿಶ್ವವಿದ್ಯಾಲಯದ ಎಡ್ಮಂಡ್ ವಿಲ್ಸನ್ ಕೂಡ ಅದೇ ವರ್ಷ ಸ್ವತಂತ್ರವಾಗಿ ಇಂಥದೇ ತೀರ್ಮಾನಕ್ಕೆ ಬಂದರು. ಪಠ್ಯಪುಸ್ತಕಗಳು ಬಹುಕಾಲ ವಿಲ್ಸನ್ ಹೆಸರನ್ನೇ ಮುಂದಿಟ್ಟವು.

ಆ ಚಿಕ್ಕ ವರ್ಣತಂತುವನ್ನೇ ನಾವೀಗ ವೈ ಎನ್ನುತ್ತೇವೆ. ಮನುಷ್ಯರಲ್ಲೂ ಲೆಕ್ಕ ಇಷ್ಟೇ: ತಾಯಿ ಕೊಡುವುದು ಯಾವಾಗಲೂ ಎಕ್ಸ್, ಎಕ್ಸ್ ಅಥವಾ ವೈ ಕೊಡುವುದು ತಂದೆ. ಅದೂ ಅವನ ಇಚ್ಛೆಯಲ್ಲ, ನಾಣ್ಯ ಚಿಮ್ಮಿದ ಹಾಗೆ. ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರಲು ಪ್ರಕೃತಿಯಲ್ಲಿ ಯಾವ ಆಧಾರವೂ ಇಲ್ಲ.

ವೈ ಅಷ್ಟು ಚಿಕ್ಕದೇಕೆ? ನೆಟ್ಟಿಯವರ ನಂತರದ ವಿಜ್ಞಾನಿಗಳು ಬಿಡಿಸಿದ ಒಗಟು ಇದು. ಹದಿನೈದು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಎಕ್ಸ್ ಮತ್ತು ವೈ ಸರಿಸಮನಾದ ಜೋಡಿಯಾಗಿದ್ದವು. ಉಳಿದ ಜೋಡಿಗಳು ಪ್ರತಿ ತಲೆಮಾರಿನಲ್ಲೂ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ತಾಳೆಗರಿಯ ಎರಡು ಪ್ರತಿಗಳಿದ್ದರೆ ಒಂದರ ತಪ್ಪನ್ನು ಇನ್ನೊಂದನ್ನು ನೋಡಿ ತಿದ್ದಿದಂತೆ, ಈ ಬೆರಕೆಯಿಂದ ಕೆಟ್ಟದ್ದು ಕಳಚಿ ಒಳ್ಳೆಯದು ಉಳಿಯುತ್ತದೆ. ಗಂಡಾಗಿಸುವ ಜೀನು ವೈ ಮೇಲೆ ನೆಲೆಯಾದ ಮೇಲೆ ಎಕ್ಸ್ ಜೊತೆಗಿನ ಕೊಡುಕೊಳ್ಳುವಿಕೆ ಹಂತಹಂತವಾಗಿ ನಿಂತಿತು. ಈಗ ಉಳಿದಿರುವುದು ಎರಡು ತುದಿಗಳಲ್ಲಿ ಮಾತ್ರ. ಅಂದಿನಿಂದ ವೈ ಒಂಟಿ ಪ್ರತಿ. ನುಸುಳಿದ ತಪ್ಪುಗಳು ಕೂಡುತ್ತಾ ಹೋದವು, ಜೀನುಗಳು ಒಂದೊಂದಾಗಿ ಉದುರಿದವು. 2023ರಲ್ಲಿ ಮನುಷ್ಯನ ವೈ ವರ್ಣತಂತುವನ್ನು ತುದಿಯಿಂದ ತುದಿಗೆ ಓದಿ ಮುಗಿಸಿದಾಗ ಪ್ರೋಟೀನ್ ತಯಾರಿಸುವ ಜೀನುಗಳು ಸಿಕ್ಕಿದ್ದು 106. ಎಕ್ಸ್‌ನಲ್ಲಿ ಅಂಥವು 800ಕ್ಕೂ ಹೆಚ್ಚು.

ಬೆರಕೆ ನಿಂತದ್ದಕ್ಕೆ ಇನ್ನೊಂದು ಬೆಲೆಯೂ ಇದೆ. ವೈ ತಂದೆಯಿಂದ ಮಗನಿಗೆ ಬಹುಪಾಲು ಇಡೀ ಮೂಟೆಯಾಗಿಯೇ ಹೋಗುತ್ತದೆ. ಅದರಲ್ಲಿ ಒಂದು ಕಾಳು ಕೆಟ್ಟು ಆ ವಂಶ ನಿಂತರೆ ಮೂಟೆಯೇ ಕಾಣೆ. ಒಂದು ಕಾಳು ಚೆನ್ನಾಗಿದ್ದು ವಂಶ ಹಬ್ಬಿದರೆ ಜೊತೆಗಿದ್ದ ಜೊಳ್ಳೂ ಹಬ್ಬುತ್ತದೆ. ಮೇಲಾಗಿ ಗಂಡ ಹೆಂಡಿರಿಬ್ಬರಲ್ಲಿ, ಎಕ್ಸ್ ಬಿಟ್ಟು ಬೇರೆ ಯಾವುದೇ ವರ್ಣತಂತುವಿನ ನಾಲ್ಕು ಪ್ರತಿಗಳಿದ್ದರೆ ವೈ ಒಂದೇ. ಆದ್ದರಿಂದಲೇ ವೈಗಳ ನಡುವಿನ ವೈವಿಧ್ಯ ಬೇರೆ ವರ್ಣತಂತುಗಳಿಗಿಂತ ಬಹಳ ಕಡಿಮೆ. ಹಾಗೆಂದು ವೈ ಅಳಿದೇ ಹೋಗುತ್ತದೆ ಎಂದು ಹೆದರಬೇಕಾಗಿಲ್ಲ. ಕೆಲವು ಮುಖ್ಯ ಜೀನುಗಳನ್ನು ಅದು ಕನ್ನಡಿಯ ಬಿಂಬದಂತೆ ಎರಡೆರಡು ಪ್ರತಿ ಇಟ್ಟುಕೊಂಡು ತನ್ನೊಳಗೇ ತಿದ್ದಿಕೊಳ್ಳುತ್ತದೆ. ಕೋತಿಯ ವೈ ಜೊತೆ ಹೋಲಿಸಿ ನೋಡಿದಾಗ, ಕಳೆದ ಎರಡೂವರೆ ಕೋಟಿ ವರ್ಷಗಳಲ್ಲಿ ನಮ್ಮದು ಹೆಚ್ಚೇನೂ ಕಳೆದುಕೊಂಡಿಲ್ಲ ಎಂದು 2012ರಲ್ಲಿ ತಿಳಿಯಿತು.

ಇದನ್ನೆಲ್ಲ ನೋಡಲು ನೆಟ್ಟಿ ಉಳಿಯಲಿಲ್ಲ. ಅವರ ಸಂಶೋಧನೆಯ ಬದುಕು ಹತ್ತು ಚಿಲ್ಲರೆ ವರ್ಷಗಳದ್ದು ಮಾತ್ರ. ಬ್ರಿನ್ ಮಾರ್ ಕಾಲೇಜು ಕೊನೆಗೂ ಅವರಿಗಾಗಿ ಸಂಶೋಧನಾ ಪ್ರಾಧ್ಯಾಪಕರ ಹುದ್ದೆ ಸೃಷ್ಟಿಸಿತು. ಆ ಕುರ್ಚಿಯಲ್ಲಿ ಕೂರುವ ಮುನ್ನವೇ, 1912ರ ಮೇ 4ರಂದು, ಬಾಲ್ಟಿಮೋರ್‌ನಲ್ಲಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು 50.

ಅವರು ಕಂಡದ್ದು ಶಾಲೆಯ ಪಾಠವಾಗಿ ಎಷ್ಟೋ ಕಾಲವಾಯಿತು. ನಮ್ಮ ಮನೆಯ ಮಾತಿಗೆ ಇನ್ನೂ ಪೂರ್ತಿ ಇಳಿದಿಲ್ಲ. ಮಸ್ಕತ್ತಿನಲ್ಲೋ ಮೆಲ್ಬರ್ನ್‌ನಲ್ಲೋ ಎಕ್ಸ್, ವೈ ಪಾಠ ಓದುವ ಮಕ್ಕಳು ಈ ಸಲ ರಜೆಗೆ ಊರಿಗೆ ಹೋದಾಗ ಅಜ್ಜಿ ತಾತಂದಿರಿಗೆ ಅದನ್ನು ಕನ್ನಡದಲ್ಲೇ ವಿವರಿಸಲಿ. ಬಡಗಿಯ ಮಗಳು ನೆಟ್ಟಿಯ ಕಥೆಯನ್ನೂ ಜೊತೆಗೆ ಹೇಳಲಿ.