ಹೊಟ್ಟೆಯೊಳಗಿನ ಅನಿಲಕ್ಕೆ ಅಳತೆ ತಂದ ಕರ್ಟ್ ಸೆಮ್

ಕೀಹೋಲ್ ಶಸ್ತ್ರಚಿಕಿತ್ಸೆ ಎಂದೊಡನೆ ಜನರ ಗಮನ ಹರಿಯುವುದು ಸಣ್ಣ ರಂಧ್ರದತ್ತ, ಕ್ಯಾಮೆರಾದತ್ತ. ಆದರೆ ಆ ರಂಧ್ರದ ಮೂಲಕ ಮೊದಲು ಒಳಹೋಗುವುದು ಕತ್ತರಿಯಲ್ಲ, ಅನಿಲ. ಹೊಟ್ಟೆಯ ಗೋಡೆಯನ್ನು ಕರುಳಿನಿಂದ ಮೇಲಕ್ಕೆತ್ತದಿದ್ದರೆ ವೈದ್ಯರಿಗೆ ಒಳಗೆ ನೋಡಲು ಜಾಗವೇ ಇರದು. ಯಾವ ಅನಿಲ, ಎಷ್ಟು ಒತ್ತಡದಲ್ಲಿ, ಎಷ್ಟು ವೇಗದಲ್ಲಿ ಎಂಬ ಪ್ರಶ್ನೆಗಳಿಗೆ ಯಂತ್ರದ ಮೂಲಕ ಉತ್ತರ ನೀಡಿದವರು ಜರ್ಮನಿಯ ಸ್ತ್ರೀರೋಗ ತಜ್ಞ ಕರ್ಟ್ ಸೆಮ್.

ಸೆಮ್ ಜನಿಸಿದ್ದು 1927ರಲ್ಲಿ, ಮ್ಯೂನಿಕ್ ನಗರದಲ್ಲಿ. ವೈದ್ಯಶಿಕ್ಷಣ ಪಡೆದದ್ದೂ ಅಲ್ಲಿಯೇ. ಉಪಕರಣಗಳ ತಯಾರಿಕೆಯಲ್ಲಿ ಅವರಿಗೆ ಅಪಾರ ಆಸಕ್ತಿಯಿತ್ತು. ಅವರು ಕಲ್ಪಿಸಿದ್ದನ್ನು ಲೋಹದಲ್ಲಿ ಮೂಡಿಸಲು ಕುಟುಂಬದವರ ವೈದ್ಯೋಪಕರಣ ಸಂಸ್ಥೆ ನೆರವಾಗಿತ್ತು. ವೈದ್ಯರೂ ಕುಶಲಕರ್ಮಿಯೂ ಒಬ್ಬರೇ ಆಗಿದ್ದುದು ಮುಂದೆ ಅವರ ಶಕ್ತಿಯಾಯಿತು, ವಿರೋಧಿಗಳ ಅನುಮಾನಕ್ಕೂ ಕಾರಣವಾಯಿತು.

ಉದರಕ್ಕೆ ಅನಿಲ ತುಂಬುವ ಕ್ರಮ ಅವರಿಗಿಂತ ಹಳೆಯದು. 1901ರಲ್ಲಿ ಗಿಯೋರ್ಗ್ ಕೆಲ್ಲಿಂಗ್ ನಾಯಿಯ ಹೊಟ್ಟೆಗೆ ಸೋಸಿದ ಗಾಳಿ ತುಂಬಿ ಒಳಗೆ ನೋಡಿದ್ದರು. 1924ರಲ್ಲಿ ಸ್ವಿಟ್ಜರ್ಲೆಂಡಿನ ಝೊಲಿಕೋಫರ್, ಗಾಳಿಯ ಬದಲು ಇಂಗಾಲದ ಡೈ ಆಕ್ಸೈಡ್ ಬಳಸುವುದು ಮೇಲೆಂದು ಸೂಚಿಸಿದರು. ಪ್ಯಾರಿಸಿನ ರಾವುಲ್ ಪಾಮರ್ 1940ರ ದಶಕದಲ್ಲಿ ಒತ್ತಡಕ್ಕೆ ಮಿತಿಯಿರಬೇಕೆಂದು ಪ್ರತಿಪಾದಿಸಿದರು. ಆದರೂ ಅನೇಕ ಕಡೆ ಸಿರಿಂಜ್ ಅಥವಾ ಕೈಪಂಪಿನಿಂದ ಅನಿಲ ತುಂಬುವ ಪದ್ಧತಿಯೇ ನಡೆದಿತ್ತು. ಎಷ್ಟು ತುಂಬಿತು ಎಂಬುದು ಬಹುಮಟ್ಟಿಗೆ ಕೈಯ ಅಂದಾಜು.

ಆ ಅಂದಾಜು ತಪ್ಪಿದರೆ ಏನಾಗುತ್ತದೆ? ಸೂಜಿಯ ತುದಿ ರಕ್ತನಾಳಕ್ಕೆ ಹೊಕ್ಕರೆ ಅನಿಲದ ಗುಳ್ಳೆ ನೇರವಾಗಿ ಹೃದಯದ ಬಲಭಾಗ ಸೇರಿ ರಕ್ತಸಂಚಾರಕ್ಕೆ ಬೀಗ ಹಾಕಬಲ್ಲದು. ಗಾಳಿಯಲ್ಲಿ ಹೆಚ್ಚಿನ ಪಾಲು ಸಾರಜನಕ. ಅದು ರಕ್ತದಲ್ಲಿ ಕರಗುವುದು ಅತ್ಯಲ್ಪ. ಇಂಗಾಲದ ಡೈ ಆಕ್ಸೈಡ್ ಬೇಗ ಕರಗಿ ಶ್ವಾಸಕೋಶದ ಮೂಲಕ ಹೊರಹೋಗುತ್ತದೆ, ಬೆಂಕಿಗೂ ಇಂಬು ಕೊಡದು. ಹಾಗೆಂದು ಅದು ನಿರಪಾಯಕಾರಿಯಲ್ಲ. ರಕ್ತಕ್ಕೆ ಸೇರಿದಂತೆ ಆಮ್ಲೀಯತೆ ಏರುತ್ತದೆ. ಹೊಟ್ಟೆ ಒಮ್ಮೆಲೇ ಹಿಗ್ಗಿದರೆ ಹೃದಯದ ಬಡಿತ ಕುಸಿಯಬಹುದು. ಒತ್ತಡ ಹೆಚ್ಚಾದರೆ ವಪೆ ಮೇಲಕ್ಕೆ ಒತ್ತಲ್ಪಟ್ಟು ಉಸಿರಾಟ ಕಷ್ಟವಾಗುತ್ತದೆ. ಹೃದಯಕ್ಕೆ ಮರಳುವ ರಕ್ತವೂ ಕಡಿಮೆಯಾಗುತ್ತದೆ. ಚರ್ಮದಡಿ ಅನಿಲ ಸೇರಿ ಊತ ಬರುವುದುಂಟು. ಶಸ್ತ್ರಚಿಕಿತ್ಸೆಯಾದದ್ದು ಗರ್ಭಕೋಶಕ್ಕೆ, ನೋವು ಮಾತ್ರ ಭುಜದಲ್ಲಿ ಎಂದು ಮಹಿಳೆಯರು ಹೇಳುವುದಕ್ಕೂ ವಪೆಯ ನರವನ್ನು ಕೆಣಕುವ ಈ ಅನಿಲವೇ ಕಾರಣ.

ಸೆಮ್ ಈ ವಿಷಯಕ್ಕೆ ಬಂದದ್ದು ಬಂಜೆತನದ ಚಿಕಿತ್ಸೆಯ ದಾರಿಯಿಂದ. ಅಂಡನಾಳ ತೆರೆದಿದೆಯೇ ಎಂದು ತಿಳಿಯಲು ಅನಿಲ ಹಾಯಿಸಿ ನೋಡುವ ಪರೀಕ್ಷೆ ಆಗ ಬಳಕೆಯಲ್ಲಿತ್ತು. ಅದಕ್ಕೆ ಬೇಕಾದ ಉಪಕರಣದಲ್ಲಿ ತೊಡಗಿದ್ದ ಅವರು, 1960ರ ದಶಕದಲ್ಲಿ ಉದರಕ್ಕೆ ಇಂಗಾಲದ ಡೈ ಆಕ್ಸೈಡ್ ತುಂಬುವ ಸ್ವಯಂಚಾಲಿತ ಯಂತ್ರವನ್ನು ರೂಪಿಸಿದರು. ಅದು ಒತ್ತಡವನ್ನೂ ಹರಿವನ್ನೂ ಅಳೆದು ತೋರಿಸುತ್ತಿತ್ತು. ನಿಗದಿತ ಮಟ್ಟ ತಲುಪಿದೊಡನೆ ಅನಿಲವನ್ನು ತಡೆಯುತ್ತಿತ್ತು. ಸೂಜಿ ತಪ್ಪು ಜಾಗದಲ್ಲಿದ್ದರೆ ಒತ್ತಡದ ಮುಳ್ಳೇ ಎಚ್ಚರಿಸುವಂತಾಯಿತು.

1970ರಲ್ಲಿ ಅವರು ಕೀಲ್ ವಿಶ್ವವಿದ್ಯಾಲಯದ ಸ್ತ್ರೀರೋಗ ಚಿಕಿತ್ಸಾಲಯದ ಮುಖ್ಯಸ್ಥರಾದರು. ಅಲ್ಲಿ ದೊರೆತ ಸ್ವಾಗತ ವಿಚಿತ್ರವಾದುದು. ಇಂಥ ಶಸ್ತ್ರಚಿಕಿತ್ಸೆ ಮಾಡುವವರ ಮಿದುಳಿನಲ್ಲಿ ದೋಷವಿರಬೇಕೆಂದು ಶಂಕಿಸಿದ ಸಹೋದ್ಯೋಗಿಗಳು ಅವರ ಮಿದುಳಿನ ತಪಾಸಣೆಗೆ ಒತ್ತಾಯಿಸಿದ್ದರು. ಸೆಮ್ ಹಿಂಜರಿಯಲಿಲ್ಲ. ದೇಹದೊಳಗೆ ಗಂಟು ಹಾಕುವ ವಿಧಾನ, ನಿಯಂತ್ರಿತ ಶಾಖದಿಂದ ರಕ್ತಸ್ರಾವ ನಿಲ್ಲಿಸುವ ಸಾಧನ, ವಿದ್ಯಾರ್ಥಿಗಳ ಅಭ್ಯಾಸಕ್ಕೊಂದು ಪೆಟ್ಟಿಗೆ ಹೀಗೆ ಒಂದರ ಹಿಂದೆ ಒಂದು ಅವರ ಕೈಯಿಂದ ಬಂದವು.

1980ರಲ್ಲಿ ಅವರು ಉದರದರ್ಶಕದ ಮೂಲಕ ಅಪೆಂಡಿಕ್ಸ್ ತೆಗೆದಾಗ ವಿವಾದ ಭುಗಿಲೆದ್ದಿತು. ಸ್ತ್ರೀರೋಗ ತಜ್ಞರೊಬ್ಬರು ತಮ್ಮ ಎಲ್ಲೆ ಮೀರಿದರೆಂಬ ಸಿಟ್ಟೂ ಅದರಲ್ಲಿ ಬೆರೆತಿತ್ತೆನ್ನಬೇಕು. ಅವರನ್ನು ವೃತ್ತಿಯಿಂದ ಅಮಾನತುಗೊಳಿಸಬೇಕೆಂದು ಜರ್ಮನ್ ಶಸ್ತ್ರವೈದ್ಯರ ಸಂಘದ ಅಧ್ಯಕ್ಷರು ಪತ್ರ ಬರೆದರು. ಅಮೆರಿಕದ ಪ್ರತಿಷ್ಠಿತ ನಿಯತಕಾಲಿಕವೊಂದು ಅವರ ಲೇಖನವನ್ನು ತಿರಸ್ಕರಿಸಿತು. ಅದು ಬೇರೊಂದು ಪತ್ರಿಕೆಯಲ್ಲಿ 1983ರಲ್ಲಿ ಬೆಳಕು ಕಂಡಿತು. 1985ರಲ್ಲಿ ಎರಿಕ್ ಮ್ಯೂಹೆ ಇದೇ ಹಾದಿಯಲ್ಲಿ ಪಿತ್ತಕೋಶ ತೆಗೆದರು. ಅನಂತರದ ಹತ್ತು ವರ್ಷಗಳಲ್ಲಿ ವಿಧಾನ ಜಗತ್ತಿನೆಲ್ಲೆಡೆ ಹಬ್ಬಿತು.

1995ರಲ್ಲಿ ನಿವೃತ್ತರಾದ ಸೆಮ್, 2003ರಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಟುಸಾನ್‌ನಲ್ಲಿ ನಿಧನರಾದರು. ಎರಡು ವರ್ಷಗಳ ತರುವಾಯ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಸ್ತ್ರೀರೋಗ ಶಸ್ತ್ರಚಿಕಿತ್ಸೆಗೆ ಡಾ ವಿಂಚಿ ರೋಬೋಟ್ ಬಳಕೆಗೆ ಅನುಮತಿ ನೀಡಿತು. ರೋಬೋಟಿನ ತೋಳುಗಳೂ ಕೆಲಸ ಮಾಡುವುದು ಅನಿಲ ತುಂಬಿದ ಹೊಟ್ಟೆಯಲ್ಲೇ. ರೋಗಿಯ ತಲೆಯನ್ನು ಬಹಳ ತಗ್ಗಿಸಿ ದೀರ್ಘಕಾಲ ಮಲಗಿಸುವುದರಿಂದ ವಪೆಯ ಮೇಲಿನ ಭಾರ ಹೆಚ್ಚುತ್ತದೆ. ಹೊರಬರುವ ಉಸಿರಿನಲ್ಲಿನ ಇಂಗಾಲದ ಡೈ ಆಕ್ಸೈಡ್ ಪ್ರಮಾಣದ ಮೇಲೆ ಅರಿವಳಿಕೆ ತಜ್ಞರು ಕಣ್ಣಿಟ್ಟೇ ಇರಬೇಕಾಗುತ್ತದೆ. ಒತ್ತಡವನ್ನು ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ಪಾದರಸದ ಆಸುಪಾಸಿನಲ್ಲಿ ಇಡಲಾಗುತ್ತದೆ.

ಸೆಮ್ ಯಂತ್ರ ರೂಪುಗೊಂಡು ನಾಲ್ಕು ದಶಕಗಳೇ ಕಳೆದಿದ್ದ 2014ರ ನವೆಂಬರ್‌ನಲ್ಲಿ, ಒಡಿಶಾದ ಅಂಗುಲ್ ಜಿಲ್ಲೆಯ ಸಂತಾನಶಕ್ತಿಹರಣ ಶಿಬಿರವೊಂದರಲ್ಲಿ 56 ಮಹಿಳೆಯರ ಹೊಟ್ಟೆಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿದ್ದು ಬಯಲಾಯಿತು. ಯಂತ್ರ ಸಿಗದ ಕಡೆ ಇದು ರೂಢಿಯೇ ಎಂಬುದು ಅಲ್ಲಿನ ವೈದ್ಯರ ಸಮಜಾಯಿಷಿಯಾಗಿತ್ತು. ರಾಜ್ಯ ಸರ್ಕಾರ ತನಿಖೆಗೆ ಆದೇಶಿಸಿತು.